ಕರಡಿ ಬಾಗಿಲು ತಟ್ಟುವ ಪುಟ

ಗುಬ್ಬಿಯ ಅಮ್ಮನವರಿಗೆ,

ಇವತ್ತು ಮಕ್ಕಳಿಗೆ ಈ ಚಿತ್ರಪುಸ್ತಕ ಓದಿದೆ. ಕರಡಿ ಬಾಗಿಲು ತಟ್ಟುವ ಪುಟ ಬಂದಾಗ ಎಂದಿನಂತೆ ಮೇಜು ಕುಟ್ಟಿದೆ. ಉಳಿದವರೆಲ್ಲ ನಕ್ಕರು. ನಿಮ್ಮ ಮಗಳು ಮಾತ್ರ ಎದ್ದು ಲೈಟ್ ಆರಿಸಿ, ಇಬ್ಬರು ಪುಟಾಣಿಗಳನ್ನು ಮೇಜಿನಡಿಗೆ ಎಳೆದುಕೊಂಡು, "ಶ್! ಅಪ್ಪ ಬಂದ್ರು. ಅಳ್ಬೇಡಿ, ಅತ್ರೆ ಅಮ್ಮಂಗೆ ಏಟು ಬೀಳತ್ತೆ" ಅಂದಳು.

ಇನ್ನು ನಾನು ಮೇಜು ಕುಟ್ಟುವುದಿಲ್ಲ. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸುತ್ತಾಳೆ ಅಂದರೆ ಅನ್ನಿ, ಸುಮ್ಮನಿರಲಾರೆ. ಮನೆಯಲ್ಲಿ ಪುಸ್ತಕ ಬಿಡಿಸುವುದು ನೀವೊಬ್ಬರೇ ಎಂದು ಗುಬ್ಬಿ ಹೇಳಿದ್ದರಿಂದ ಪತ್ರವನ್ನು ಇದರೊಳಗೇ ಇಟ್ಟಿದ್ದೇನೆ, ಓದಿ ಹರಿದುಹಾಕಿ.

ನಾಳೆ ಮಗಳನ್ನು ಬಿಡಲು ಬಂದಾಗ ವಾಪಸ್ಸು ಹೋಗಬೇಡಿ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಪುಸ್ತಕ ಮರೆತರೂ ಚಿಂತೆಯಿಲ್ಲ, ಇಬ್ಬರ ಬಟ್ಟೆ ಮರೆಯಬೇಡಿ.

ಇತಿ,
ಗುಬ್ಬಿಯ ಕಥೆ ಮಿಸ್