ಕುರಿ ಬೆನ್ನ ಮೇಲೆ ಬರೆದ ಇಂಗ್ಲಿಷು

ಅಪ್ಪಾ,

ನೀನು ಹೋಗಿ ಎರಡು ವರ್ಷ ಆಯ್ತು, ಇವತ್ತಿಗೂ ನಿನ್ನ ಮುಂದೆ ಈ ಮಾತು ಆಡಾಕೆ ಹೆದರಿಕೆ ನೋಡು.

ಇವತ್ತು ಕ್ಲಾಸಲ್ಲಿ ಇಂಗ್ಲಿಷ್ ಪಾಠ ಮಾಡ್ತಿದ್ದೆ. ಕಿವಿಗೆ ಒಂದೇ ಥರ ಕೇಳಿಸಿ, ಬರೆಯೋವಾಗ ಬೇರೆ ಆಗೋ ಪದಗಳು. ಸೀ ಅಂದ್ರೆ ನೋಡು, ಸೀ ಅಂದ್ರೆ ಸಮುದ್ರ. ಒಬ್ಬ ಹುಡುಗಿ ಎದ್ದು, "ಮಿಸ್, ನೀವು ಇವನ್ನ ಹೆಂಗೆ ಕಲಿತ್ರಿ?" ಅಂದಳು. ಬೋರ್ಡಿಗೆ ತಿರುಗಿ ಮುಂದಿನ ಪದ ಬರೆದೆ. ಏನಂತ ಹೇಳ್ಲಿ?

ನಾನು ಏಳನೇ ಕ್ಲಾಸಲ್ಲಿದ್ದಾಗ ಇವನ್ನೇ ಉರು ಹೊಡೀತಿದ್ದೆ. "ಎರಡೂ ಸೀನೇ ಅಂದ್ಮೇಲೆ ಒಂದೇ ಥರ ಬರೆದಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತು ಲೇ?" ಅಂತ ನೀನು ನಕ್ಕಿದ್ದೆ. ಮಾರನೇ ದಿನ ಹೊಳಲ್ಕೆರೆ ಸಂತೆ. ಅವತ್ತು ಸಂಜೆ, ಮಾರಾಕಿದ್ದ ಹನ್ನೆರಡು ಕುರಿ ರೊಪ್ಪದಾಗೆ ನಿಂತಿದ್ವು, ಪಕ್ಕದ ಮನೆ ಈರಣ್ಣ ಮಾವನ ಕೆಂಪು ಬಣ್ಣದ ಡಬ್ಬಿ ಅಲ್ಲೇ ಇತ್ತು. ಜೋಡಿ ಪದ, ಜೋಡಿ ಕುರಿ. ಬೆನ್ನ ಮೇಲೆ ಬರೆದು ಬರೆದು ಓದಿಕೊಂಡೆ ಅಪ್ಪಾ. ಕೆಂಪು ಹಚ್ಚಿದ ಕುರಿ ಅಂದ್ರೆ ಸಂತೇಲಿ ಆಗಲೇ ಮಾರಾಟ ಆದ ಕುರಿ ಅಂತ ನಂಗೆಲ್ಲಿ ಗೊತ್ತಿತ್ತು?

ಸಂತೆಯಿಂದ ಹನ್ನೆರಡೂ ಕುರಿ ವಾಪಸ್ ತಂದಾಗ ನಿನ್ನ ಮುಖ... ನಸುಕಿನ ಕತ್ತಲಾಗೆ ಹತ್ತಿಸಿದ್ದಕ್ಕೆ ನಿಂಗೆ ಬಣ್ಣ ಕಂಡಿರಲಿಲ್ಲ, ಟೆಂಪೋದಾಗೆ ಒಂದಕ್ಕೊಂದು ಉಜ್ಜಿ ಅಕ್ಷರ ಹೋಗಿ ಬರೀ ಕೆಂಪು ಉಳಿದಿತ್ತು. "ಮಾರಿದ ಕುರಿನ ಎರಡನೇ ಸಲ ಮಾರಾಕೆ ಬಂದೀಯೇನಪ್ಪ" ಅಂತ ಜನ ನಿನ್ನನ್ನ ಕಳ್ಳನ ಹಂಗೆ ನೋಡಿದ್ರಂತೆ. ನೀನು ಸೀದಾ ಈರಣ್ಣ ಮಾವನ ಅಂಗಳಕ್ಕೆ ಹೋಗಿ, "ಹೊಟ್ಟೆಕಿಚ್ಚಿಗೆ ನೀನೇ ಬಳಿದಿದ್ದು" ಅಂದೆ. ಮಾವ ತಲೆ ತಗ್ಗಿಸಿ ನಿಂತ. ನಾನು ಬಾಗಿಲ ಹಿಂದೆ ಅಡಗಿ ನಿಂತೆ. ಸಾಯೋತನಕ ನೀನು ಅವನ ಮುಖ ನೋಡ್ಲಿಲ್ಲ. ಎಷ್ಟು ಸಲ ಹೇಳಾಣ ಅಂತ ಬಂದೆನೋ, ಪ್ರತಿ ಸಲವೂ...

ಮಾವ ಈಗ ಹಾಸಿಗೆ ಹಿಡಿದವ್ನೆ. ನಿನಗೆ ಹೇಳದೆ ಉಳಿದಂಗೆ ಅವನಿಗೂ ಉಳಿದ್ರೆ? ಇಷ್ಟು ಬರೆದಿಟ್ಟು ಹೋಗಿ ಬರ್ತೀನಿ.

ಹೋಗಿ ಬಂದೆ. ಕಾಲು ಹಿಡಿದು, "ಆ ಬಣ್ಣ ಹಚ್ಚಿದ್ದು ನಾನು ಮಾವ" ಅಂದೆ. ಆತ ಕಣ್ಣು ಬಿಟ್ಟ.

"ಗೊತ್ತಿತ್ತು ಬಿಡಮ್ಮ. ನೀನು ಬರೆಯೋದು ನೋಡಿದ್ದೆ. ಹೊಸಾ ಅಕ್ಷರ ಕಲೀತೈತೆ ಮಗು ಅಂತ ಸುಮ್ನಿದ್ದೆ, ಬೆಳಗ್ಗೆ ತೊಳೆದ್ರಾಯ್ತು ಅಂತ. ನಾನು ಏಳೋದ್ರಾಗೆ ಟೆಂಪೋ ಹೋಗಿತ್ತು."

"ಮತ್ತೆ ಅಪ್ಪ ಬೈದಾಗ ಯಾಕೆ ಹೇಳ್ಲಿಲ್ಲ ಮಾವ?"

"ನಿಮ್ಮಪ್ಪನ ಸಿಟ್ಟು ನಂಗೊತ್ತಿಲ್ವೇ? ನಿನ್ನ ಹೆಸರು ಹೇಳಿದ್ರೆ ಇಸ್ಕೂಲು ಬಿಡಿಸಿ ಕುರಿ ಹಿಂದೆ ಅಟ್ತಿದ್ದ. ಬೈಸ್ಕಂಡ್ರೆ ನಂದೇನು ಹೋಯ್ತು?"

ಅತ್ತುಬಿಟ್ಟೆ ಅಪ್ಪಾ. ನಾಳೆ ಅವ್ವನ್ನ ಕರ್ಕಂಡು ಮತ್ತೆ ಹೋಗ್ತೀನಿ, ಅವನಿಗೆ ಗಂಜಿ ನಮ್ಮನೆಯಿಂದಲೇ. ನಿಂಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ. ನೀನು ಅಷ್ಟು ವರ್ಷ ಮಾತು ಬಿಟ್ಟಿದ್ದು ನಿನ್ನ ಮಗಳನ್ನ ಓದಿಸಿದೋನ ಹತ್ರ.