ಸಾಹೇಬರ ತೊಟ್ಟಿಗೆ ಹೊಸ ಮೀನು

ಮಾರ್ಚ್ ೧೪, ಶನಿವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ನಾನೂ ನಿಮ್ಮ ಮೊಮ್ಮಗಳೂ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ? ನಾದಿನಿಯ ಮನೆಯಲ್ಲಿ ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಮಾಡಿದ್ದೀರಾ, ಇಲ್ಲ ನನ್ನ ಮಾತಿನ ಹಾಗೆ ಅವಳ ಮಾತನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೀರಾ? ಈ ಸಂಗತಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ನನಗೆ ಅರ್ಧ ಹೇಳಲಾಗುವುದಿಲ್ಲ. ಅದಕ್ಕೇ ಕಾಗದ.

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನಿಮ್ಮ ಮಗನ ಅಕ್ವೇರಿಯಂಗೆ ಹೊಸ ಮೀನು ಬಿಟ್ಟಿದ್ದೇವೆ.

ಅವರು ತೀರಿಕೊಂಡಾಗ ನೀವು ಹೇಳಿದ್ದನ್ನು ನಾನು ಮರೆತಿಲ್ಲ. ತೊಟ್ಟಿ ಅವನು ಇಟ್ಟ ಹಾಗೇ ಇರಲಿ, ಒಳಗಿನದನ್ನು ಯಾರೂ ಮುಟ್ಟುವುದು ಬೇಡ ಎಂದಿದ್ದಿರಿ. ನಾಲ್ಕು ವರ್ಷ ಹಾಗೇ ನಡೆಸಿಕೊಂಡು ಬಂದೆ. ಉಪ್ಪು ಕರಗಿಸಿ ನೀರು ಬದಲಾಯಿಸಿದೆ, ಗಾಜು ಒರೆಸಿದೆ. ಒಂದು ಕಲ್ಲನ್ನೂ ಕದಲಿಸಲಿಲ್ಲ. ಆದರೆ ಹೋದ ವರ್ಷ ಜೋಡಿ ಮೀನಿನಲ್ಲಿ ದೊಡ್ಡದು ಸತ್ತು, ನೀವು ‘ಸಾಹೇಬರು’ ಎಂದು ಕರೆಯುತ್ತಿದ್ದ ಚಿಕ್ಕದು ಒಂಟಿಯಾಯಿತಲ್ಲ, ಆಮೇಲೆ ಸಾಹೇಬರ ದರ್ಬಾರೇ ನಿಂತುಹೋಯಿತು. ನೀರು ಬೆಚ್ಚಗಿಡುವ ಹೀಟರಿನ ಹಿಂದೆ ಸೇರಿಕೊಂಡರೆ ಹೊರಗೆ ಬರುತ್ತಿರಲಿಲ್ಲ. ನಿಮ್ಮ ಮೊಮ್ಮಗಳು ಶಾಲೆಯಿಂದ ಬಂದವಳೇ ಬೆನ್ನಿನ ಚೀಲ ಕೂಡ ಇಳಿಸದೆ ಗಾಜಿನ ಮುಂದೆ ಕೂರುತ್ತಿದ್ದಳು. ಒಂದು ದಿನ ಕೇಳಿದಳು, “ಅಮ್ಮಾ, ಅಪ್ಪ ಇದ್ದಿದ್ರೆ ಇದನ್ನ ಹೀಗೆ ಬಿಡ್ತಿದ್ರಾ?”

ಹತ್ತು ವರ್ಷದ ಹುಡುಗಿ ಕೇಳುವ ಪ್ರಶ್ನೆಯೇ ಅದು! ಅವಳ ಕೈ ಹಿಡಿದುಕೊಂಡು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಉಪ್ಪುನೀರಿನ ಮೀನಿನ ಅಂಗಡಿಗೆ ಹೋದೆ.

ಅತ್ತೆ, ಅಂಥ ಅಂಗಡಿಯವರನ್ನು ನಾನು ಕಂಡೇ ಇಲ್ಲ. ಕೊಳ್ಳಲು ಬಂದವರಿಗೆ ಕೊಡುವುದಿಲ್ಲ ಎನ್ನುತ್ತಾರೆ! ಮೊದಲ ಸಲ, ನಿಮ್ಮ ತೊಟ್ಟಿಯ ನೀರು ಒಂದು ಬಾಟಲಿ ತನ್ನಿ ಎಂದು ಬರಿಗೈಯಲ್ಲಿ ಕಳಿಸಿದರು. ಎರಡನೆಯ ಸಲ ಆ ನೀರನ್ನು ಪರೀಕ್ಷಿಸಿ, ಇದರಲ್ಲಿ ಕೊಳೆ ಹೆಚ್ಚಿದೆ, ಮೂರು ವಾರ ನಾನು ಹೇಳಿದ ಹಾಗೆ ನೀರು ಬದಲಾಯಿಸಿ ಬನ್ನಿ ಎಂದರು. ನನಗೆ ಸಿಟ್ಟು ಬಂತು. ಇವರೇನು ಮೀನು ಮಾರುತ್ತಾರೋ ಹೆಣ್ಣು ಕೊಡುತ್ತಾರೋ ಎಂದು ದಾರಿಯುದ್ದಕ್ಕೂ ಗೊಣಗಿದೆ. ಮಗಳಿಗೆ ಮಾತ್ರ ಅವರು ಹಿಡಿಸಿಬಿಟ್ಟರು. ಅಂದಿನಿಂದ ಅವರು ‘ಉಪ್ಪು ಮಾಮ’.

ಮೂರನೆಯ ಸಲ ಕೊಟ್ಟರು. ಸಾಹೇಬರ ಅರ್ಧದಷ್ಟೂ ಇಲ್ಲದ ಮರಿ. ಇಷ್ಟು ಚಿಕ್ಕದೇಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಕೇಳಿ ಮಗಳು ಬಿದ್ದು ಬಿದ್ದು ನಕ್ಕಳು. ಈ ಜಾತಿಯ ಮೀನಿನ ಜೋಡಿಯಲ್ಲಿ ದೊಡ್ಡದು ಯಾವತ್ತೂ ಹೆಣ್ಣಂತೆ, ಚಿಕ್ಕದು ಗಂಡಂತೆ. ಹೆಣ್ಣು ಸತ್ತರೆ ಉಳಿದ ಗಂಡು ತಾನೇ ಬೆಳೆದು ಹೆಣ್ಣಾಗುತ್ತದಂತೆ. ಎಂದರೆ ಅತ್ತೆ, ನಮ್ಮ ಸಾಹೇಬರು ಈಗ ಅಮ್ಮಾವ್ರು. ಹೆಸರು ಬದಲಿಸಬೇಕೋ ಬೇಡವೋ, ಇಟ್ಟವರು ನೀವು, ನೀವೇ ಹೇಳಬೇಕು.

ತಂದ ತಕ್ಷಣ ಬಿಡುವಂತಿಲ್ಲ. ಒಂದು ತಿಂಗಳು ಅಡುಗೆಮನೆಯ ಕಟ್ಟೆಯ ಮೇಲೆ ಬೇರೆ ಗಾಜಿನ ಡಬ್ಬಿಯಲ್ಲಿಟ್ಟು, ರೋಗರುಜಿನ ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಆಮೇಲೆ ಅದನ್ನು ಬೋಗುಣಿಗೆ ಹಾಕಿ, ಸಣ್ಣ ಕೊಳವೆಗೆ ಗಂಟು ಹಾಕಿ, ದೊಡ್ಡ ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸಿದೆವು. ಎರಡು ನೀರಿನ ಉಪ್ಪು ಬೇರೆ ಬೇರೆ, ಒಮ್ಮೆಲೇ ಬದಲಾದರೆ ಮೀನಿನ ಜೀವ ತಡೆಯದು. ಮಗಳು ಒಂದು ಗಂಟೆ ಹನಿ ಎಣಿಸುತ್ತ ಕೂತಳು. ಲೆಕ್ಕದ ಪುಸ್ತಕದ ಮುಂದೆ ಹತ್ತು ನಿಮಿಷ ಕೂರದವಳು!

ಕಷ್ಟವಾದದ್ದು ಕಲ್ಲಿನ ವಿಷಯ. ಕಲ್ಲುಗಳು ಹಳೆಯ ಜಾಗದಲ್ಲೇ ಇದ್ದರೆ ಹಳೆಯ ಮೀನಿಗೆ ಇಡೀ ತೊಟ್ಟಿ ತನ್ನದೇ ಎನಿಸುತ್ತದೆ, ಹೊಸದನ್ನು ಬದುಕಗೊಡುವುದಿಲ್ಲ, ಜೋಡಿಸಿದ್ದನ್ನು ಬದಲಿಸಿ ಎಂದು ಅಂಗಡಿಯವರು ಹೇಳಿದ್ದರು. ನಾನು ತೋಳಿನ ಬಟ್ಟೆ ಮೇಲಕ್ಕೆ ಮಡಚಿ ತೊಟ್ಟಿಯ ಮುಂದೆ ನಿಂತೆ. ಮಧ್ಯದ ಆ ಕಮಾನು ನಿಮ್ಮ ಮಗ ಒಂದು ಭಾನುವಾರವೆಲ್ಲ ಕೂತು ಜೋಡಿಸಿದ್ದು. ಏಳು ಸಲ ಬಿದ್ದು ಎಂಟನೆಯ ಸಲ ನಿಂತದ್ದು. ಕೈ ನೀರಿನ ಮೇಲೆಯೇ ನಿಂತಿತು. ಅಂಗಡಿಯವರು ಅವತ್ತು ಇಲ್ಲೇ ಇದ್ದರು. ಹನಿ ಇಳಿಸುವ ಕೊಳವೆ ಕಟ್ಟಿಕೊಂಡಿತ್ತು, ಅದಕ್ಕೆ ಕರೆದಿದ್ದೆ. ಅವರು ಅವಸರ ಮಾಡಲಿಲ್ಲ.

“ಅದನ್ನ ಕೀಳ್ಬೇಡಿ. ಕಮಾನು ಹಾಗೇ ಇರ್ಲಿ, ಸುತ್ತಲಿನದನ್ನ ಬದಲಾಯ್ಸೋಣ. ಅಷ್ಟು ಸಾಕಾಗುತ್ತೆ,” ಎಂದರು.

ಹಾಗೇ ಮಾಡಿದೆವು. ನನ್ನ ಕೈಯಾರೆ ಮಾಡಿದೆ. ಮನೆಯಲ್ಲಿ ಕಣ್ಣೀರು ಹಾಕಿದವರು ಯಾರೂ ಇಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ.

ಒಂದನ್ನೊಂದು ನೋಡಿ ಒಗ್ಗಲೆಂದು ಮೂರು ದಿನ ಮರಿ ಸಣ್ಣ ತೂತುಗಳ ಪೆಟ್ಟಿಗೆಯೊಳಗೇ ತೊಟ್ಟಿಯಲ್ಲಿ ತೇಲಿತು. ಸಾಹೇಬರು ಹೀಟರಿನ ಹಿಂದಿನಿಂದ ಹೊರಬಿದ್ದು ಪೆಟ್ಟಿಗೆಗೆ ಮೂತಿ ಗುದ್ದಿದ್ದೇ ಗುದ್ದಿದ್ದು. ಸಿಟ್ಟಾದರೇನು, ಊಟ ಮೊದಲಿನ ಹಾಗೆ ಸೇರತೊಡಗಿತು. ನಾಲ್ಕನೆಯ ದಿನ ಸಂಜೆ ತೊಟ್ಟಿಯ ದೀಪ ಆರಿಸಿ, ಪೆಟ್ಟಿಗೆಯ ಮುಚ್ಚಳ ತೆರೆದೆವು. ಹಳೆಯದು ನುಗ್ಗಿತು. ಮರಿ ಓಡಲಿಲ್ಲ. ಒಂದು ಕಡೆಗೆ ವಾಲಿ, ಮೈಯೆಲ್ಲ ಗಡಗಡ ನಡುಗತೊಡಗಿತು. ಸತ್ತೇ ಹೋಯಿತು ಎಂದುಕೊಂಡು ಜಾಲರಿ ಹಿಡಿದು ಕೈ ಹಾಕಲು ಹೋದೆ. ಅವತ್ತೂ ಬಂದಿದ್ದ ಅಂಗಡಿಯವರು ತಡೆದರು.

“ಅದು ಸಾಯ್ತಿಲ್ಲ. ನೀವು ದೊಡ್ಡವರು, ನಾನು ಚಿಕ್ಕವನು ಅಂತ ನಮಸ್ಕಾರ ಮಾಡ್ತಿದೆ. ಅವರವರೇ ಮಾತಾಡ್ಕೊಳ್ಳಲಿ.”

ಅತ್ತೆ, ನಿಜವಾಗಿಯೂ ಹಾಗೇ ಆಯಿತು. ಹಳೆಯದು ಸುತ್ತು ಹಾಕಿತು, ಒಮ್ಮೆ ಬಾಲ ಕಚ್ಚಿತು, ಮತ್ತೆ ಸುತ್ತು ಹಾಕಿತು. ಮರಿ ಮತ್ತೆ ಮತ್ತೆ ನಡುಗಿತು. ಒಂದು ವಾರದಲ್ಲಿ ಎರಡೂ ಕಮಾನಿನ ಕೆಳಗೆ ಒಂದರ ಮಗ್ಗುಲಲ್ಲೊಂದು ಮಲಗತೊಡಗಿದವು.

ಉಳಿದಂತೆ ವಿಶೇಷವೇನಿಲ್ಲ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹೊಸ ಯಂತ್ರ ಬಂದಿದೆ, ಹಳೆಯದರಷ್ಟು ಕಿರುಚುವುದಿಲ್ಲ. ಮೀನಿನ ಅಂಗಡಿಯವರ ಕನ್ನಡಕ ಗೀರುಬಿದ್ದು ಹೋಗಿತ್ತು. ಇಷ್ಟೆಲ್ಲ ಸಹಾಯ ಮಾಡಿದವರೆಂದು ನಾನೇ ಅಳತೆ ತೆಗೆದು ಹೊಸ ಗಾಜು ಕೂರಿಸಿಕೊಟ್ಟೆ. ಅಷ್ಟೇ. ಅವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಆದ್ದರಿಂದ ನಮ್ಮ ಮನೆಯಲ್ಲೂ ಸಕ್ಕರೆ ಕಡಿಮೆಯಾಗಿದೆ, ನಿಮಗೆ ಸಮಾಧಾನವಾಗಬೇಕು.

ಔಷಧಿ ತಪ್ಪಿಸಬೇಡಿ. ನಿಮ್ಮ ಕೋಣೆ ಗುಡಿಸಿ ಒರೆಸಿ ಇಟ್ಟಿದ್ದೇನೆ, ಯಾವಾಗ ಬೇಕಾದರೂ ಬನ್ನಿ.

ಇಂತಿ,
ನಿಮ್ಮ ಸೊಸೆ

ತಾ.ಕ.: ಎರಡು ದಿನದಿಂದ ಈ ಕಾಗದ ಮಡಚಿಟ್ಟುಕೊಂಡು ಓಡಾಡುತ್ತಿದ್ದೇನೆ. ಬರೆಯಬೇಕಾದದ್ದನ್ನೇ ಬರೆದಿಲ್ಲ. ಮೀನಿನ ಅಂಗಡಿಯವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ಅತ್ತೆಯವರನ್ನು ಕೇಳದೆ ಏನೂ ಹೇಳಲಾರೆ ಎಂದೆ. “ಕೇಳಿ. ಅವರು ಬೇಡ ಅಂದ್ರೂ ನೀರು ಬದಲಾಯ್ಸೋಕೆ ಬರ್ತೀನಿ,” ಎಂದರು. ನನ್ನ ಮನಸ್ಸು ಹೂಂ ಎನ್ನುತ್ತಿದೆ. ನಿಮ್ಮ ಮನಸ್ಸು ಏನೆಂದರೂ, ನಿಮ್ಮ ಸೊಸೆ ಎಂದು ಸಹಿ ಹಾಕುವುದನ್ನು ನಾನು ಬಿಡುವುದಿಲ್ಲ.

ಇಷ್ಟು ಬರೆದು ಲಕೋಟೆಗೆ ಅಂಟು ಹಚ್ಚುವಾಗ ಮಗಳು ಬಂದು ನಿಂತಳು. ಕಾಗದದಲ್ಲೇನಿದೆ ಎಂದು ಕೇಳಿದಳು, ಹೇಳಿದೆ. ಉಪ್ಪು ಮಾಮನ ವಿಷಯ ಅಜ್ಜಿಗೆ ಹೋದ ತಿಂಗಳೇ ಫೋನಿನಲ್ಲಿ ಹೇಳಿದ್ದೇನೆ ಎಂದಳು! ನೀವು ಕೇಳಿದ್ದು ಒಂದೇ ಮಾತಂತೆ, “ಅವರು ಬಂದಾಗ ನಿಮ್ಮಮ್ಮ ನಗ್ತಾಳಾ?” ಇವಳು “ತುಂಬಾ” ಎಂದಳಂತೆ. “ಹಾಗಾದ್ರೆ ನನಗೆ ಗೊತ್ತು ಅಂತ ನಿಮ್ಮಮ್ಮನಿಗೆ ಹೇಳ್ಬೇಡ, ತಾನಾಗೇ ಬರೀಲಿ” ಎಂದಿರಂತೆ.

ಅತ್ತೆ, ನನ್ನಿಂದ ನಾಲ್ಕು ಪುಟ ಮೀನಿನ ಪುರಾಣ ಬರೆಸಿಬಿಟ್ಟಿರಲ್ಲ.