ಮೊಂಜಿಯಾಳ ಉಸಿರು

ಟ್ಯೂನಿಸ್
ಜೂನ್ 8, 2023

ಪ್ರೀತಿಯ ಹಯಾತ್,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತೆ? ನೀನು ಕಳಿಸಿದ ಹರೀಸಾ ಖಾರದ ಚಟ್ನಿ ತಲುಪಿತು. ನಿನ್ನ ತಂಗಿ ಮೊಂಜಿಯಾ ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಕ್ಷಮಿಸು. ಫೋನು ಎತ್ತಿಕೊಂಡಾಗಲೆಲ್ಲ ನಿನ್ನ ದನಿ ಕೇಳುವ ಧೈರ್ಯವಾಗದೆ ಕೆಳಗಿಟ್ಟೆ.

ನಿನ್ನೆ ಅವಳ ಮನೆಗೆ ಹೋಗಿ ನೋಡಿಬಂದೆ. ಆಗಷ್ಟೇ ಹೊರಗಿನಿಂದ ಎರಡು ಮಹಡಿ ಹತ್ತಿ ಬಂದು ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಸೋಮವಾರ ಪ್ರಯೋಗಾಲಯಕ್ಕೆ ಬರ್ತೀನಿ ಡಾಕ್ಟ್ರೇ. ನನ್ನ ಇಲಿಗಳಿಗೆ ಬೇರೆಯವ್ರ ಕೈ ಒಗ್ಗಲ್ಲ.”

“ಬೇಡ ಮೊಂಜಿಯಾ. ಆ ಇಲಿಗಳೇ ನಿನಗೆ ವಿಷ.”

“ಹನ್ನೊಂದು ವರ್ಷ ಸಾಕಿದೀನಿ. ಅಷ್ಟು ದಿನ ಇಲ್ದಿರೋ ವಿಷ ಈಗ ಬಂತಾ? ಕೆಲಸದಿಂದ ತೆಗೀಬೇಕು ಅಂತಿದ್ರೆ ನೇರವಾಗಿ ಹೇಳಿ!”

ಆಸ್ಪತ್ರೆ ಸೇರಿದ ದಿನವೂ ಹೀಗೆಯೇ. ಪಂಜರ ತೊಳೆಯುತ್ತಿದ್ದವಳು ಎರಡು ಸಲ ಸೀನಿ, “ಆಲಿವ್ ಹೂ ಬಿಟ್ಟಿದೆಯಲ್ಲ, ಅದರ ಧೂಳು” ಎಂದು ನಕ್ಕಳು. ಐದು ನಿಮಿಷದಲ್ಲಿ ತುಟಿ ನೀಲಿಯಾಗಿತ್ತು.

ಇದನ್ನೇ ಇಪ್ಪತ್ತು ವರ್ಷ ಓದಿದವಳು ನಾನು. ಇಲಿಯ ಮೈಯ ಧೂಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ಒಳಪದರ ಅಪಾಯ ಬಂತೆಂದು ರಾಸಾಯನಿಕ ಸಂದೇಶ ಕಳಿಸುತ್ತದೆ. ರಕ್ತದ ಕಾವಲು ಕೋಶಗಳು ಗುಂಪುಗಟ್ಟಿ ಓಡಿಬರುತ್ತವೆ. ಅಲ್ಲಿ ಶತ್ರುವೇ ಇರುವುದಿಲ್ಲ, ಆದರೂ ಕಾದಾಡುತ್ತವೆ. ಉಸಿರಿನ ಕೊಳವೆಗಳು ಊದಿ, ಲೋಳೆ ತುಂಬಿ, ಬಿಗಿದುಕೊಳ್ಳುತ್ತವೆ. ಎಲ್ಲ ಅಡಗಿದ ಮೇಲೂ ಕೆಲವು ಕೋಶಗಳು ಅಲ್ಲೇ ಉಳಿದು ಕಾಯುತ್ತವೆ. ಮುಂದಿನ ಸಲ ಅವಕ್ಕೆ ಚಿಟಿಕೆ ಧೂಳು ಸಾಕು. ಅವಳೊಳಗೆ ಅವು ಈಗ ಕಾಯುತ್ತಿವೆ, ಹಯಾತ್. ಇನ್ನೊಮ್ಮೆ ಅವಳನ್ನು ಉಳಿಸಿಕೊಳ್ಳುತ್ತೇವೆಂಬ ಭರವಸೆ ನನಗಿಲ್ಲ.

ನೀನು ಅಕ್ಕ. ನಿನ್ನ ಮಾತನ್ನು ಅವಳು ಮೀರುವುದಿಲ್ಲ. ಭಾನುವಾರದೊಳಗೆ ಬಂದು ಅವಳನ್ನು ನಾಬುಲ್‌ನ ನಿನ್ನ ಮನೆಗೆ ಕರೆದುಕೊಂಡು ಹೋಗು. ನಿಮ್ಮಿಬ್ಬರ ಉಸಿರನ್ನು ಅಲ್ಲಾಹ್ ಕಾಯಲಿ.

ನಿನ್ನ ಬಾಲ್ಯದ ಗೆಳತಿ,
ರೌದಾ

ತಾ.ಕ.: ಪ್ರಯೋಗಕ್ಕೆ ಆರೋಗ್ಯವಂತರ ರಕ್ತ ಬೇಕಿತ್ತು. ರಂಜಾನಿಗೆ ಮೊದಲು ಮೊಂಜಿಯಾಳದನ್ನೂ ತೆಗೆದುಕೊಂಡಿದ್ದೆ. ಇಲಿಯ ಧೂಳಿಗೆ ಅವಳ ಮೈ ಎಷ್ಟು ಕೆರಳಿದೆಯೆಂದು ವರದಿಯಲ್ಲಿ ಸ್ಪಷ್ಟವಾಗಿತ್ತು. ಪ್ರಯೋಗ ಮುಗಿಯಲು ಇನ್ನೂ ಎಂಟು ವಾರ ಬಾಕಿಯಿತ್ತು. ಅವಳಂತೆ ಇಲಿಗಳನ್ನು ನೋಡಿಕೊಳ್ಳುವವರು ಇನ್ನೊಬ್ಬರಿರಲಿಲ್ಲ. ಅವಳ ರಕ್ತದ ಬದಲು ಬೇರೊಬ್ಬರದನ್ನು ಸೇರಿಸಿ, ಅವಳಿಗೆ ವರದಿಯ ವಿಷಯ ಹೇಳದೆ ಕೆಲಸ ಮುಂದುವರಿಸಿದೆ. ಇದನ್ನು ಅವಳಿಗೆ ಓದಿ ಹೇಳು. ನನ್ನ ಮೇಲಿನ ಸಿಟ್ಟಿಗಾದರೂ ಅವಳು ಇತ್ತ ಬರದಿರಲಿ.